ಹಿತ್ತಲಿನ ಲಾನ್ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಕ್ಸೋರು ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನೊಂದ್ಸಲ ಓದ್ಬಿಡಿ

ಮೊದಲೇ ಹೇಳ್ಬಿಡ್ತೀನಿ, ನಾನು ಪರಿಸರದ ಬಗ್ಗೆ ಭಾಷಣ ಬಿಗಿಯೋಕೆ ಬಂದಿಲ್ಲ. ಎರಡು ವರ್ಷದ ಹಿಂದೆ ಮನೆಯವರು ಬೇಡ ಕಣೇ ಬೇಡ ಅಂದ್ರೂ ಕೇಳದೆ ನಾನೇ ಹಠ ಹಿಡಿದು ಹಿತ್ತಲಲ್ಲಿದ್ದ ಲಾನ್ ಕಿತ್ತಾಕಿಸಿ ಆರ್ಟಿಫಿಶಿಯಲ್ ಟರ್ಫ್ ಹಾಕ್ಸಿದ್ದು. ಹೋದ ತಿಂಗಳು ಅದನ್ನೇ ಮತ್ತೆ ದುಡ್ಡು ಕೊಟ್ಟು ತೆಗೆಸಿದ್ದೂ ನಾನೇ. ಹಾಕ್ಸೋಕೂ ಕೊಟ್ಟೆ, ತೆಗ್ಸೋಕೂ ಕೊಟ್ಟೆ, ನಡುವೆ ಎರಡು ವರ್ಷ ಅದನ್ನ ತೊಳೆದು ಬಾಚಿದ್ದು ಬೇರೆ.

ಯಾಕೆ ಹಾಕ್ಸಿದೆ ಅಂತ ಕೇಳಿದ್ರೆ, ಎಲ್ರೂ ಹೇಳೋ ಕಾರಣಾನೇ. ವಾರ ವಾರ ಹುಲ್ಲು ಕತ್ತರಿಸ್ಬೇಕು, ನೀರು ಹಾಕ್ಬೇಕು, ಕಳೆ ಕೀಳ್ಬೇಕು, ನಾಯಿ ಉಚ್ಚೆ ಹೊಯ್ದ ಜಾಗದಲ್ಲೆಲ್ಲ ಹಳದಿ ಮಚ್ಚೆ, ಮಳೆ ಬಂದ್ರೆ ಅದರ ಕಾಲಿನ ಕೆಸರೆಲ್ಲ ಹಾಲ್‌ಗೆ. ಅಂಗಡಿಯವರು "ಮೇಡಂ, ಒಂದ್ಸಲ ಹಾಕ್ಸಿ ಮರೆತ್ಬಿಡಿ, ಮೇಂಟೆನೆನ್ಸೇ ಇಲ್ಲ" ಅಂದ್ರು, ಆ ಒಂದು ಮಾತಿಗೆ ನಾನು ಬಿದ್ದೆ. ಅಂಗೈಯಷ್ಟು ಸ್ಯಾಂಪಲ್ ಕೈಗೆ ಕೊಟ್ರು, ಏಸಿ ರೂಮಲ್ಲಿ ಕೂತು ಅದನ್ನ ಸವರಿ ಸವರಿ ನೋಡಿದೆ, ಏನು ಮೆತ್ತಗಿದೆ ಅಂತ ಖುಷಿಪಟ್ಟೆ. ನೀವು ಇಷ್ಟು ಮಾಡಿ ಸಾಕು, ಆ ಸ್ಯಾಂಪಲ್ ಮನೆಗೆ ತಂದು ನೀವು ಹಾಕ್ಸ್ಬೇಕು ಅಂತಿರೋ ಜಾಗದಲ್ಲೇ ನಡು ಮಧ್ಯಾಹ್ನ ಒಂದು ಗಂಟೆ ಬಿಸಿಲಲ್ಲಿ ಇಡಿ, ಆಮೇಲೆ ಬರಿಗಾಲು ಇಟ್ಟು ನೋಡಿ. ನಾನು ಇದೊಂದು ಮಾಡಿದ್ರೆ ಇವತ್ತು ಈ ಪುರಾಣ ಬರೀತಾನೇ ಇರ್ಲಿಲ್ಲ.

ಕೆಲಸ ಒಂದೂವರೆ ದಿನದಲ್ಲಿ ಮುಗೀತು. ಎಷ್ಟು ಫಾಸ್ಟು ಅಂತ ಆಗ ಮೆಚ್ಕೊಂಡೆ, ಈಗ ಗೊತ್ತಾಗ್ತಿದೆ ಯಾಕೆ ಅಷ್ಟು ಫಾಸ್ಟು ಅಂತ. ಸರಿಯಾಗಿ ಮಾಡೋದಾದ್ರೆ ಮೊದಲು ಹುಲ್ಲನ್ನ ಬೇರು ಸಮೇತ ತೆಗೆದು 75ರಿಂದ 100 ಮಿಲಿಮೀಟರ್ ಮಣ್ಣು ಅಗೀಬೇಕು, ಅಲ್ಲಿಗೆ ಜಲ್ಲಿ ತುಂಬಿ ಪದರ ಪದರವಾಗಿ ಕಾಂಪ್ಯಾಕ್ಟರ್, ಅಂದ್ರೆ ನೆಲ ಗುದ್ದಿ ಗಟ್ಟಿ ಮಾಡೋ ಮೆಷಿನ್ ಹೊಡೀಬೇಕು, ಮೇಲೆ ಜಲ್ಲಿಪುಡಿ ಹಾಕಿ ಮಟ್ಟ ಮಾಡ್ಬೇಕು, ನೀರು ಹರಿದು ಹೋಗೋಕೆ ಒಂದೆರಡು ಪರ್ಸೆಂಟ್ ವಾಟ ಕೊಡ್ಬೇಕು. ನಮ್ಮೋರು ಮಾಡಿದ್ದೇನು ಗೊತ್ತಾ, ಮೇಲ್ಮೇಲೆ ಹುಲ್ಲು ಕೆರೆದು, ಒಂದು ಪದರ ಮರಳು ಚೆಲ್ಲಿ, ಕಳೆ ತಡೆಯೋ ಕಪ್ಪು ಬಟ್ಟೆ ಹಾಸಿ ಅದರ ಮೇಲೆ ರೋಲ್ ಬಿಚ್ಚಿ, ಎಳೆಗಳ ನಡುವೆ ಮರಳು ತುಂಬಿದ್ರು ಅಷ್ಟೇ. ಕೆಳಗೆ ಉಳಿದ ಬೇರೆಲ್ಲ ಕೊಳೀತಾ ಬಂದು ಆರು ತಿಂಗಳಲ್ಲಿ ಅಲ್ಲಲ್ಲಿ ಕುಸೀತು, ಮಳೆ ನಿಂತ ಮೇಲೂ ಎರಡು ದಿನ ಆ ಗುಂಡಿಗಳಲ್ಲಿ ನೀರು. ಹಸಿರು ಪ್ಲಾಸ್ಟಿಕ್ ಮೇಲೆ ಕಾಲಿಟ್ರೆ ಪಚಕ್ ಅಂತ ಸದ್ದು, ಅದೊಂಥರಾ ಅಸಹ್ಯ.

ಇನ್ನೊಂದು ಸಣ್ಣ ವಿಷಯ, ಸಣ್ಣದು ಅಂತ ಹೇಳ್ತೀನಿ ಆದ್ರೆ ದಿನಾ ಕಣ್ಣಿಗೆ ಚುಚ್ತಾ ಇತ್ತು. ಟರ್ಫ್ ರೋಲ್‌ನಲ್ಲಿ ಎಳೆಗಳು ಒಂದೇ ದಿಕ್ಕಿಗೆ ವಾಲಿರ್ತವೆ, ಅಕ್ಕಪಕ್ಕದ ಎಲ್ಲಾ ರೋಲೂ ಅದೇ ದಿಕ್ಕಿಗೆ ಹಾಸ್ಬೇಕು. ನಮ್ಮಲ್ಲಿ ಒಂದು ರೋಲ್ ಉಲ್ಟಾ ಹಾಸಿದ್ರು. ಒಂದೇ ಬಣ್ಣದ ಮಾಲೇ ಆದ್ರೂ ಮೇಲಿನ ಕಿಟಕಿಯಿಂದ ನೋಡಿದ್ರೆ ಒಂದು ಪಟ್ಟಿ ತಿಳಿ ಹಸಿರು ಒಂದು ಪಟ್ಟಿ ಕಡು ಹಸಿರು. ಕೇಳಿದ್ರೆ "ಸ್ವಲ್ಪ ದಿನ ಬಿಟ್ರೆ ಸೆಟ್ ಆಗತ್ತೆ ಮೇಡಂ" ಅಂದ್ರು. ಎರಡು ವರ್ಷ ಬಿಟ್ಟೆ, ಆಗ್ಲಿಲ್ಲ.

ಈಗ ಬಿಸಿಲಿನ ವಿಷಯಕ್ಕೆ ಬರ್ತೀನಿ, ಅಸಲಿ ಕಥೆ ಅದೇ. ಹಾಕ್ಸಿ ಮೂರನೇ ವಾರಕ್ಕೆ ಮಗ ಬರಿಗಾಲಲ್ಲಿ ಹಿತ್ತಲಿಗೆ ಓಡಿದೋನು ಅಮ್ಮಾ ಅಂತ ಕಿರುಚ್ಕೊಂಡು ವಾಪಸ್ ಬಂದ, ಅಂಗಾಲು ಕೆಂಪಗೆ. ಅವತ್ತು ಬಿಸಿಲೂ ಅಂಥದ್ದೇನಿರ್ಲಿಲ್ಲ. ಮನೆಯವರ ಹತ್ರ ದೂರದಿಂದ ಬಿಸಿ ಅಳೆಯೋ ಇನ್ಫ್ರಾರೆಡ್ ಥರ್ಮಾಮೀಟರ್ ಇತ್ತು, ಹಿಡಿದು ನೋಡಿದ್ರೆ ಗಾಳಿ 34 ಡಿಗ್ರಿ ಇದ್ದಾಗ ಟರ್ಫು 66. ಬೇಲಿ ಪಕ್ಕ ಕೆರೆಯದೆ ಬಿಟ್ಟಿದ್ದ ಒಂದು ಗೇಣು ನಿಜವಾದ ಹುಲ್ಲಿತ್ತು, ಅದು 37. ಆ ಎರಡು ನಂಬರ್ ನೋಡಿ ನಾನು ಸುಮ್ನೆ ಕೂತ್ಬಿಟ್ಟೆ. ಹುಲ್ಲು ಬೇರಿಂದ ನೀರೆಳೆದು ಎಲೆಯಿಂದ ಆವಿ ಮಾಡ್ತಾ ತನ್ನನ್ನ ತಾನೇ ತಣ್ಣಗಿಟ್ಕೊಳ್ಳತ್ತೆ, ಪ್ಲಾಸ್ಟಿಕ್‌ಗೆ ಎಲ್ಲಿಂದ ಬರ್ಬೇಕು ಆ ವಿದ್ಯೆ. ಆಮೇಲೆ ಹುಡುಕಿ ಓದಿದೆ, ಅಮೆರಿಕದ ಬ್ರಿಗಮ್ ಯಂಗ್ ಯೂನಿವರ್ಸಿಟಿಯವರು 2002ರಲ್ಲೇ ತಮ್ಮ ಆಟದ ಮೈದಾನದ ಟರ್ಫ್ ಅಳೆದು ನೋಡಿದ್ದಾರೆ, ಹೆಚ್ಚು ಅಂದ್ರೆ 93 ಡಿಗ್ರಿ ತನಕ ಹೋಗಿತ್ತಂತೆ. ಅವರು ನೀರು ಹೊಡೆದೂ ನೋಡಿದ್ರು, 79 ಇದ್ದಿದ್ದು 29ಕ್ಕೆ ಇಳೀತು, ಐದು ನಿಮಿಷಕ್ಕೆ 49, ಇಪ್ಪತ್ತು ನಿಮಿಷಕ್ಕೆ 73. ನಮ್ಮನೇಲೂ ಅದೇ ಕಥೆ. ಮಕ್ಕಳು ಆಡ್ಬೇಕು ಅಂದ್ರೆ ಮೊದಲು ಪೈಪ್ ಹಿಡ್ಕೊಂಡು ನೀರು ಹೊಡಿ, ಅವರು ಚಪ್ಪಲಿ ಹುಡುಕೋದ್ರಲ್ಲಿ ಅದು ಮತ್ತೆ ಕಾದಿರತ್ತೆ. ನೀರು ಉಳಿಸೋಕೆ ಅಂತ ಹಾಕ್ಸಿದ ಹುಲ್ಲಿಗೆ ನೀರು ಹಾಕ್ತಾ ನಿಂತಿದ್ದೆ ನಾನು!

ರಾತ್ರಿನೂ ಬಿಡ್ಲಿಲ್ಲ. ಅಡಿಲಿರೋ ಮರಳು ಹಗಲಿಡೀ ಕಾದಿರತ್ತಲ್ಲ, ಹಿಂದಿನ ರೂಮಿನ ಕಿಟಕಿ ತೆಗೆದ್ರೆ ಮುಂಚೆ ತಣ್ಣನೆ ಗಾಳಿ ಬರ್ತಿತ್ತು, ಈಗ ರಾತ್ರಿ ಊಟದ ಹೊತ್ತಿಗೂ ಝಳ ಮತ್ತೆ ಅದರ ಜೊತೆ ಒಂಥರಾ ರಬ್ಬರ್ ವಾಸನೆ.

ಇನ್ನು ಒಂದು ವಿಚಿತ್ರ ಹೇಳ್ತೀನಿ, ನಂಬಿದ್ರೆ ನಂಬಿ. ಒಂದು ದಿನ ನೋಡಿದ್ರೆ ಟರ್ಫ್ ಮೇಲೆ ಅರ್ಧ ಚಂದ್ರನ ಥರ ಒಂದು ಕಡೆ ಎಳೆಗಳೆಲ್ಲ ಮುರುಟಿ ಅಂಟ್ಕೊಂಡಿವೆ. ಯಾರೋ ಬಿಸಿ ಪಾತ್ರೆ ಇಟ್ಟಿದ್ದಾರೆ ಅಂತ ಮನೇಲಿ ಎಲ್ಲರ ಮೇಲೂ ರೇಗಾಡಿದೆ, ಪಾಪ ಕೆಲಸದವರನ್ನೂ ಬಿಡ್ಲಿಲ್ಲ, ಅದಕ್ಕೆ ಈಗ್ಲೂ ನಾಚಿಕೆ ಆಗತ್ತೆ. ವಾರ ಬಿಟ್ಟು ನೋಡಿದ್ರೆ ಆ ಸುಟ್ಟ ಗೆರೆ ಉದ್ದ ಆಗಿದೆ. ಕೊನೆಗೆ ಗೊತ್ತಾಯ್ತು ಕಳ್ಳ ಯಾರು ಅಂತ, ಮಹಡಿ ಮೇಲಿನ ಕಿಟಕಿ! ಎರಡು ಪದರದ ಲೋ-ಇ ಗಾಜು ಇದೆಯಲ್ಲ, ಒಳಗೆ ಶಾಖ ಬರದೆ ಇರ್ಲಿ ಅಂತ ಹಾಕ್ಸೋದು, ಅದು ಬಿಸಿಲನ್ನ ವಾಪಸ್ ಹೊಡೆಯತ್ತೆ, ಗಾಜು ಚೂರು ಒಳಗೆ ಬಾಗಿದ್ರೆ ಭೂತಗನ್ನಡಿ ಥರ ಒಂದೇ ಕಡೆ ಬಿಸಿಲು ಸೇರಿಸಿಬಿಡತ್ತೆ. ಟರ್ಫ್ ಎಳೆ ಪಾಲಿಥಿಲೀನ್, ಸುಮಾರು 110ರಿಂದ 130 ಡಿಗ್ರಿಗೆ ಕರಗೋ ವಸ್ತು, ಮೊದಲೇ ಅಷ್ಟು ಕಾದಿರೋದಕ್ಕೆ ಈ ಬಿಸಿಲೂ ಬಿದ್ರೆ ಕಥೆ ಮುಗೀತು. ಸೂರ್ಯ ಸರಿದಂಗೆ ಗೆರೆನೂ ಸರಿದಿದೆ. ನಿಮ್ಮನೇದೋ ಪಕ್ಕದ ಮನೇದೋ ಅಂಥ ಗಾಜು ಹಿತ್ತಲ ಕಡೆ ಇದ್ರೆ ಇದನ್ನ ಮರೀಬೇಡಿ.

ವಾರಂಟಿ ಇತ್ತಲ್ವಾ ಅಂತೀರಾ? ಇತ್ತು, ಹತ್ತು ವರ್ಷದ್ದು, ಬ್ರೋಷರ್ ಮೇಲೆ ದಪ್ಪಕ್ಷರದಲ್ಲಿ. ಒಳಗೆ ಸಣ್ಣಕ್ಷರದಲ್ಲಿ ಏನಿತ್ತು ಅಂದ್ರೆ, ಬಿಸಿಲಿಗೆ ಬಣ್ಣ ಮಾಸಿದ್ರೆ ಮತ್ತೆ ಎಳೆ ತಾನಾಗೇ ಪುಡಿಯಾದ್ರೆ ಮಾತ್ರ. ಗಾಜಿನ ಬಿಸಿಲಿಗೆ ಕರಗಿದ್ರೆ ಇಲ್ಲ, ಸಾಕುಪ್ರಾಣಿ ಹಾಳು ಮಾಡಿದ್ರೆ ಇಲ್ಲ, ನೆಲ ಕುಸಿದ್ರೆ ಇಲ್ಲ, ಜಾಯಿಂಟ್ ಬಿಟ್ರೆ ಇಲ್ಲ. ಹಾಕಿದೋರಿಗೆ ಫೋನ್ ಮಾಡಿದ್ರೆ ಅದು ಮಾಲಿನ ಪ್ರಾಬ್ಲಂ ಕಂಪನಿಗೆ ಕೇಳಿ ಅಂತಾರೆ, ಕಂಪನಿಗೆ ಮಾಡಿದ್ರೆ ಅದು ಹಾಕಿದೋರ ಪ್ರಾಬ್ಲಂ ಮೇಡಂ ಅಂತಾರೆ. ನಾಲ್ಕು ತಿಂಗಳು ಈ ಇಬ್ಬರ ಮಧ್ಯೆ ಚೆಂಡಿನ ಥರ ಓಡಾಡಿದೆ, ಆಮೇಲೆ ಸಾಕಾಯ್ತು.

ನಾಯಿ ಸಾಕಿರೋರು ದಯವಿಟ್ಟು ಇದನ್ನ ಎರಡು ಸಲ ಓದಿ. ಮಣ್ಣಿಗೆ ಬಿದ್ದ ಉಚ್ಚೆನ ಮಣ್ಣಲ್ಲಿರೋ ಜೀವಿಗಳು, ಹುಲ್ಲಿನ ಬೇರು ಎಲ್ಲ ಸೇರಿ ಕರಗಿಸ್ಬಿಡ್ತವೆ, ಹಳದಿ ಮಚ್ಚೆ ಆಗತ್ತೆ ನಿಜ ಆದ್ರೆ ವಾಸನೆ ಉಳಿಯಲ್ಲ. ಟರ್ಫ್‌ನಲ್ಲಿ ಅದು ಮರಳಲ್ಲೇ ಕೂತ್ಕೊಳ್ಳತ್ತೆ, ಬ್ಯಾಕ್ಟೀರಿಯಾ ಅದ್ರಲ್ಲಿರೋ ಯೂರಿಯಾನ ಅಮೋನಿಯಾ ಮಾಡತ್ತೆ, ಬಿಸಿಲಿಗೆ ಅದು ಮೇಲೇಳತ್ತೆ. ಮೊದಲ ಬೇಸಿಗೆಗೇ ಹಿಂಬಾಗಿಲು ತೆಗೆಯೋ ಹಾಗಿರ್ಲಿಲ್ಲ, ಗಬ್ಬು ಅಂದ್ರೆ ಗಬ್ಬು, ಕಣ್ಣುರಿ ಬರೋಷ್ಟು. ವಿನೆಗರ್ ಹಾಕಿದೆ, ಎಂಜೈಮ್ ಕ್ಲೀನರ್ ಹಾಕಿದೆ, ಯಾರೋ ಹೇಳಿದ್ರು ಅಂತ ಮೇಲಿನ ಮರಳು ಒಂದಷ್ಟು ತೆಗೆಸಿ ಅಮೋನಿಯಾ ಹೀರ್ಕೊಳ್ಳೋ ಜಿಯೋಲೈಟ್ ಕಲ್ಲಿನ ಹರಳು ಹಾಕ್ಸಿದೆ. ಅದ್ರಿಂದ ಸ್ವಲ್ಪ ವಾಸಿ ಆಯ್ತು, ಸುಳ್ಳು ಹೇಳಲ್ಲ, ಆದ್ರೆ ಮೂರು ದಿನಕ್ಕೊಂದ್ಸಲ ತೊಳೆಯೋ ಕೆಲಸ ತಪ್ಪಲಿಲ್ಲ. ತಮಾಷೆ ಅಂದ್ರೆ ಬೇಸಿಗೆ ಮಧ್ಯಾಹ್ನ ಆ ನಾಯಿನೇ ಅದರ ಮೇಲೆ ಕಾಲಿಡ್ತಿರ್ಲಿಲ್ಲ, ಅಂಚಲ್ಲಿ ನಿಂತು ನನ್ನ ಮುಖ ನೋಡೋದು.

ಕಳೆ ಬರಲ್ಲ ಅಂತ ಹೇಳಿದ್ದೂ ಸುಳ್ಳು. ಜೇಕಿನ ಹುಲ್ಲಿದೆಯಲ್ಲ, ನೆಲದಡಿ ಗಡ್ಡೆ ಬಿಡೋದು, ಅದು ಬಟ್ಟೆನೂ ತೂತು ಮಾಡ್ಕೊಂಡು ಟರ್ಫಿನ ತೂತಿಂದ ಸೂಜಿ ಥರ ಎದ್ದು ಬಂತು. ಮೇಲಿಂದ ಬಿದ್ದ ಧೂಳು ಎಲೆ ಪುಡಿ ಸೇರಿ ಅಲ್ಲೇ ಮಣ್ಣಾಗಿ ಅದರಲ್ಲೂ ಬೀಜ ಮೊಳೀತು. ಲಾನಲ್ಲಾದ್ರೆ ಮೆಷಿನ್ ಓಡಿಸಿದ್ರೆ ಆಯ್ತು, ಇಲ್ಲಿ ಮಂಡಿಯೂರಿ ಒಂದೊಂದೇ ಕೀಳ್ಬೇಕು, ಜೋರಾಗಿ ಎಳೆದ್ರೆ ಜಾಯಿಂಟ್ ಕಿತ್ತು ಬರತ್ತೆ. ಇದ್ರ ಜೊತೆ ತಿಂಗಳಿಗೊಂದ್ಸಲ ಗಟ್ಟಿ ಪೊರಕೆ ತಗೊಂಡು ಎಳೆ ವಾಲಿರೋ ದಿಕ್ಕಿಗೆ ಎದುರು ಬಾಚ್ಬೇಕು, ಇಲ್ಲಾಂದ್ರೆ ನಡೆದ ದಾರೀಲೆಲ್ಲ ಚಪ್ಪಟೆ. ಮೇಂಟೆನೆನ್ಸೇ ಇಲ್ಲ ಅಂದಿದ್ರಲ್ಲ, ಆಗೆಲ್ಲ ಆ ಮಾತು ನೆನಪಾಗೋದು.

ಮೂಲೆಯಲ್ಲಿದ್ದ ಮರದ ವಿಷಯ ಬರೆಯೋಕೆ ಬೇಜಾರು. ಬುಡದ ಸುತ್ತ ಒಂದಡಿನೂ ಬಿಡದೆ ಮಣ್ಣು ತುಳಿದು ಗಟ್ಟಿ ಮಾಡಿ ಮುಚ್ಚಿದ್ರು, ನಾನೂ ನೋಡೋಕೆ ನೀಟಾಗಿದೆ ಅಂತ ಸುಮ್ಮನಿದ್ದೆ. ಬೇರಿಗೂ ಗಾಳಿ ಬೇಕು ಅನ್ನೋದು ತಲೆಗೇ ಬರ್ಲಿಲ್ಲ. ಎರಡನೇ ವರ್ಷ ಎಲೆ ಸಣ್ಣಗಾಯ್ತು, ತುದಿ ಕೊಂಬೆಗಳು ಒಣಗಿದ್ವು. ನಮ್ಮ ಮಾವನವರು ದಿನಾ ಬೆಳಿಗ್ಗೆ ಅದರ ಕೆಳಗೆ ಕೂತು ಪೇಪರ್ ಓದೋರು, ಒಂದು ದಿನ "ಏನಮ್ಮಾ, ಮರ ಉಸಿರಾಡ್ತಾ ಇಲ್ಲ ಅನ್ಸತ್ತೆ" ಅಂದ್ರು. ತೆಗೆಸೋಣ ಅಂತ ತೀರ್ಮಾನ ಮಾಡಿದ್ದು ಅವತ್ತೇ.

ತೆಗೆಸೋದು ಸುಲಭ ಅನ್ಕೊಂಡ್ರೆ ಅದೂ ತಪ್ಪು. ಹೊಸದಾಗಿ ಬಂದಾಗ ಇಬ್ಬರು ಹೊತ್ತು ತಂದ ರೋಲು, ಮರಳು ಕೂತ ಮೇಲೆ ನಾಲ್ಕು ಜನರಿಂದಲೂ ಅಲ್ಲಾಡ್ಲಿಲ್ಲ, ಪಟ್ಟಿ ಪಟ್ಟಿಯಾಗಿ ಕುಯ್ದು ಹೊರಗೆ ಹಾಕಿದ್ರು. ಗುಜರಿಯವರು ಬಂದು ನೋಡಿ ಕೈಯಾಡಿಸಿ ಹೋದ್ರು. ಎಳೆ ಒಂದು ಪ್ಲಾಸ್ಟಿಕ್ಕು, ಹಿಂದಿನ ಬಟ್ಟೆ ಇನ್ನೊಂದು, ಎರಡನ್ನೂ ಲೇಟೆಕ್ಸ್ ಅಂಟಲ್ಲಿ ಕೂರಿಸಿರ್ತಾರೆ, ಮೇಲೆ ಮರಳು ಬೇರೆ, ಬಿಡಿಸೋಕೆ ಆಗಲ್ಲ ಅಂದ್ಮೇಲೆ ಯಾರು ತಗೋತಾರೆ. ಕೆಳಗಿನ ಮಣ್ಣು ಬೂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೀತಿತ್ತು, ಅಗೆದು ಹುಡುಕಿದ್ರೂ ಒಂದು ಎರೆಹುಳ ಇಲ್ಲ. ಮತ್ತೆ ಎಲ್ಲಿ ನೋಡಿದ್ರೂ ಆ ಹಸಿರು ಎಳೆಯ ಚೂರುಗಳು, ಚರಂಡಿ ಜಾಲರಿಯಲ್ಲಿ, ಬಟ್ಟೆಯಲ್ಲಿ, ಒಂದ್ಸಲ ವಾಷಿಂಗ್ ಮೆಷಿನ್ ಫಿಲ್ಟರಲ್ಲೂ.

ಒಂದು ಪುಣ್ಯ ಅಂದ್ರೆ ಹಳೇ ಟೈರ್ ಪುಡಿ ಮಾಡಿ ಎಳೆಗಳ ನಡುವೆ ತುಂಬ್ತಾರಲ್ಲ, ಅದನ್ನ ನಾನು ಹಾಕ್ಸಿರ್ಲಿಲ್ಲ, ಮರಳೇ ಸಾಕು ಅಂದಿದ್ದೆ. ಯೂರೋಪಿಯನ್ ಯೂನಿಯನ್‌ನವರು 2023ರಲ್ಲಿ ಅಂಥ ಪುಡಿ ಮಾರೋದನ್ನೇ ನಿಲ್ಲಿಸೋ ನಿಯಮ ತಂದಿದ್ದಾರೆ, ಆಟದ ಮೈದಾನಗಳಿಗೆ ಎಂಟು ವರ್ಷ ಟೈಮ್ ಕೊಟ್ಟು, ಮೈಕ್ರೋಪ್ಲಾಸ್ಟಿಕ್, ಅಂದ್ರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣ ಪರಿಸರಕ್ಕೆ ಸೇರತ್ತೆ ಅನ್ನೋ ಕಾರಣಕ್ಕೆ. ನಿಮ್ಮ ಕೊಟೇಶನ್‌ನಲ್ಲಿ ರಬ್ಬರ್ ಇನ್‌ಫಿಲ್ ಅಂತ ಇದ್ರೆ, ಅದು ಇದೇ ಪುಡಿ, ಹಿಂದೆಮುಂದೆ ನೋಡದೆ ತೆಗೆಸ್ಬಿಡಿ.

ಎಲ್ಲರಿಗೂ ಇದು ಕೆಟ್ಟದ್ದು ಅಂತ ನಾನು ಹೇಳಲ್ಲ. ಬಿಸಿಲು ಬೀಳದ ಬಾಲ್ಕನಿ, ಹೇಗಿದ್ರೂ ಹುಲ್ಲು ಬೆಳೆಯದ ಸಿಮೆಂಟ್ ನೆಲ, ಅಂಥ ಕಡೆ ನಾಲ್ಕು ಅಡಿ ಹಾಸ್ಕೊಂಡ್ರೆ ಏನೂ ತೊಂದ್ರೆ ಇಲ್ಲ. ಬದುಕಿರೋ ಮಣ್ಣಿನ ಮೇಲೆ, ಮರದ ಬುಡದಲ್ಲಿ, ನಾಯಿ ಇರೋ ಮನೇಲಿ, ಪೂರ್ತಿ ಬಿಸಿಲಿಗೆ ಬೇಡ ಅಷ್ಟೇ. ಅಷ್ಟಾದ್ರೂ ಹಾಕ್ಸೇ ಹಾಕ್ಸ್ತೀನಿ ಅನ್ನೋರು ಎಷ್ಟು ಆಳ ಅಗೀತೀರಾ, ಜಲ್ಲಿ ಎಷ್ಟು ದಪ್ಪ, ನೀರು ಯಾವ ಕಡೆ ಹೋಗತ್ತೆ, ನೆಲ ಕುಸಿದ್ರೆ ಯಾರು ಬಂದು ಸರಿ ಮಾಡ್ತಾರೆ, ಇಷ್ಟನ್ನೂ ಕಾಗದದ ಮೇಲೆ ಬರೆಸ್ಕೊಳ್ಳಿ. ಬಾಯಿ ಮಾತಲ್ಲಿ ಹೇಳ್ತೀವಿ ಅಂದ್ರೆ ಎದ್ದು ಬನ್ನಿ. ಜಲ್ಲಿ ಹಾಕೋ ದಿನ ರಜಾ ಹಾಕಿ ಅಲ್ಲೇ ನಿಂತು ಫೋಟೋ ತೆಗೀರಿ, ಮುಚ್ಚಿದ ಮೇಲೆ ಏನೂ ಕಾಣಲ್ಲ.

ನಮ್ಮ ಹಿತ್ತಲಲ್ಲಿ ಈಗ ಗೊಬ್ಬರ ಹಾಕಿ ಮಣ್ಣು ಸಡಿಲ ಮಾಡ್ತಾ ಇದ್ದೀವಿ. ಈ ಸಲ ಪೂರ್ತಿ ಲಾನ್ ಮಾಡಲ್ಲ, ಓಡಾಡೋ ಕಡೆ ಕಲ್ಲು, ಮರದ ಸುತ್ತ ಒಣಗೆಲೆ ಹೊದಿಕೆ, ಮಕ್ಕಳು ಆಡೋ ಅಷ್ಟಕ್ಕೆ ಮಾತ್ರ ಹುಲ್ಲು. ಮರ ಉಳಿಯತ್ತೋ ಇಲ್ವೋ ಇನ್ನೂ ಗೊತ್ತಿಲ್ಲ, ಕೆಳಗಿನ ಒಂದು ಕೊಂಬೇಲಿ ಚಿಗುರು ಕಾಣ್ತಿದೆ ಅಂತ ಮಾವ ನಿನ್ನೆ ಕರೆದು ತೋರಿಸಿದ್ರು. ಕುಯ್ದ ಟರ್ಫ್ ಪಟ್ಟಿಗಳು ಶೆಡ್ ಹಿಂದೆ ಹಾಗೇ ಬಿದ್ದಿವೆ, ಹನ್ನೊಂದು ಇವೆ, ಪುಕ್ಕಟೆ ಕೊಡ್ತೀನಿ ಅಂದ್ರೂ ಇನ್ನೂ ಯಾರೂ ಬಂದಿಲ್ಲ.