ಸಮುದ್ರದ ನೀರೋ ಬಕೆಟ್ ಉಪ್ಪೋ: ಹಾಸನದಲ್ಲಿ ಹವಳ ಸಾಕಿದವನ ಲೆಕ್ಕ

ಮನೆಯ ಟ್ಯಾಂಕಿನಲ್ಲಿ ಹವಳ, ಸಮುದ್ರದ ಮೀನು ಸಾಕೋಕೆ ಉಪ್ಪುನೀರು ಬೇಕು. ಅದಕ್ಕೆ ಸಮುದ್ರದ ನೀರನ್ನೇ ತರಬೇಕೋ, ಬಕೆಟ್ಟಿನಲ್ಲಿ ಬರುವ ಅಕ್ವೇರಿಯಂ ಉಪ್ಪನ್ನು ಮನೆಯಲ್ಲೇ ಕಲಸಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಕೆಟ್ ಉಪ್ಪಿಗೆ. ಸಮುದ್ರದ ನೀರೇ ಅಸಲಿ, ಮನೆಯಲ್ಲಿ ಉಪ್ಪು ಕಲಸಿದ್ದು ನಕಲಿ ಅಂತ ನಂಬಿ ಎರಡು ವರ್ಷ ಕ್ಯಾನ್ ಹೊತ್ತವನೂ ನಾನೇ. ಸೊಂಟ ಹಿಡಿಸಿಕೊಂಡು, ದುಡ್ಡು ಕಳೆದುಕೊಂಡು, ಜೊತೆಗೆ ಒಂದು ಸಿಗಡಿಯನ್ನೂ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಎಲ್ಲ ಸೇರಿಸಿದರೂ ಈ ಉಪ್ಪುನೀರಿನ ಹುಚ್ಚು ಹಿಡಿದವರು ನಮ್ಮ ಗುಂಪಿನಲ್ಲಿ ಆರೇ ಜನ. ಸಕಲೇಶಪುರದ ಕಡೆ ತೋಟ ಇರುವ ಅಣ್ಣ ಒಬ್ಬರು, ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರ್ ಒಬ್ಬರು, ಮೇಷ್ಟ್ರು ಒಬ್ಬರು, ಹೀಗೆ. ಒಬ್ಬರ ಟ್ಯಾಂಕಿನಲ್ಲಿ ಝೋವಾ (ಚಿಕ್ಕ ಹೂವಿನಂಥ ಹವಳದ ಜಾತಿ) ಹರಡಿದರೆ ಕತ್ತರಿಸಿ ಇನ್ನೊಬ್ಬರಿಗೆ ಕೊಡುತ್ತೇವೆ. ಡಿಸೆಂಬರ್ ಚಳಿಯಲ್ಲಿ ಒಬ್ಬರ ಹೀಟರ್ ಸುಟ್ಟರೆ ಇನ್ನೊಬ್ಬರದ್ದು ರಾತ್ರೋರಾತ್ರಿ ಬಸ್ಸಿನಲ್ಲಿ ಹೋಗುತ್ತದೆ. ಜಗಳ ಆಗೋದು ಮಾತ್ರ ಒಂದೇ ವಿಷಯಕ್ಕೆ: ನೀರು. ಮಂಗಳೂರಿನವರಿಗೆ ನೀರು ತಣ್ಣಗಿಡುವ ಚಿಲ್ಲರ್ ಚಿಂತೆಯಾದರೆ ಇಲ್ಲಿ ಮೇಲೆ ಆ ಚಿಂತೆ ಇಲ್ಲ. ನಮ್ಮ ಚಿಂತೆಯೆಲ್ಲ ಸಮುದ್ರವನ್ನು ಘಾಟಿ ಹತ್ತಿಸೋದು ಹೇಗೆ ಅನ್ನೋದು.

ನನ್ನ ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಮರಳು ಕಳೆದರೆ 150 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದಿಷ್ಟು ಝೋವಾ, ಮಶ್ರೂಮ್ ಹವಳ, ಅಂಗೈಯಗಲದ ಲೆದರ್ ಹವಳ ಒಂದು. ವಾರಕ್ಕೆ 20 ಲೀಟರ್ ತೆಗೆದು ಹೊಸದು 20 ಲೀಟರ್ ಹಾಕಬೇಕು. ಅಂದರೆ ವರ್ಷಕ್ಕೆ ಸಾವಿರ ಲೀಟರ್ ಮೇಲೆ ಉಪ್ಪುನೀರು.

ಅಗ್ಗದ ದಾರಿಯಿಂದ ಶುರು ಮಾಡುತ್ತೇನೆ. ಮಂಗಳೂರಿಂದ ಬೆಳಗಿನ ಜಾವ ನಮ್ಮೂರಿಗೆ ಮೀನಿನ ಗಾಡಿಗಳು ಬರುತ್ತವಲ್ಲ, ಅಂಥ ಒಬ್ಬರ ಹತ್ತಿರ ಖಾಲಿ ಕ್ಯಾನ್ ಕೊಟ್ಟು ಕಳಿಸಿದರೆ 20 ಲೀಟರಿಗೆ 100 ರೂಪಾಯಿ, ಲೀಟರಿಗೆ ಐದು. ಘಾಟಿ ಇಳಿಯೋದಿಲ್ಲ, ಪೆಟ್ರೋಲ್ ಇಲ್ಲ, ನೀರು ಅಂಗಡಿ ಬಾಗಿಲಿಗೇ ಬರುತ್ತದೆ. ಮೂರ್ನಾಲ್ಕು ಸಲ ಬೇಸಿಗೆಯಲ್ಲಿ ತರಿಸಿದೆ, ಏನೂ ಆಗಲಿಲ್ಲ. ಅದೇ ಧೈರ್ಯ ನನ್ನನ್ನು ಕೆಡಿಸಿತು.

ಸೆಪ್ಟೆಂಬರ್. ಮೀನುಗಾರಿಕೆ ನಿಷೇಧ ಮುಗಿದು ಗಾಡಿಗಳು ಓಡಾಡುತ್ತಿದ್ದವು, ಮಳೆ ಇನ್ನೂ ನಿಂತಿರಲಿಲ್ಲ. ಎರಡು ಕ್ಯಾನ್ ಬಂತು. ಅವತ್ತು ಒಂದು ಮದುವೆ ಆಲ್ಬಂ ಕೊಡಬೇಕಿತ್ತು (ನನ್ನದು ಫೋಟೋ ಸ್ಟುಡಿಯೋ), ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಅಳತೆ ನೋಡದೆ 40 ಲೀಟರೂ ಸುರಿದು ಮಲಗಿದೆ. ಬೆಳಿಗ್ಗೆ ಝೋವಾ ಎಲ್ಲ ಮುಷ್ಟಿ ಕಟ್ಟಿದ ಹಾಗೆ ಮುಚ್ಚಿಕೊಂಡಿತ್ತು. ಕ್ಲೀನರ್ ಸಿಗಡಿ ಕಲ್ಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಟ್ಯಾಂಕಿಗೆ ಕೈ ಇಟ್ಟರೆ ಸಾಕು, ಸಂದಿಯಿಂದ ಹೊರಗೆ ಬಂದು, ಮಣಿಕಟ್ಟು ಹತ್ತಿ, ಉಗುರಿನ ಅಂಚನ್ನು ಒಂದೊಂದಾಗಿ ಕೆರೆದು ಚೊಕ್ಕ ಮಾಡುತ್ತಿದ್ದ ಪ್ರಾಣಿ ಅದು. ನನ್ನ ಮಗಳು ಅದನ್ನು 'ಬ್ಯೂಟಿ ಪಾರ್ಲರ್' ಅಂತ ಕರೀತಿದ್ದಳು.

ಕ್ಯಾನಿನ ತಳದಲ್ಲಿ ಉಳಿದಿದ್ದ ಒಂದು ಲೋಟ ನೀರಿಗೆ ರಿಫ್ರಾಕ್ಟೋಮೀಟರ್ ಹಿಡಿದೆ, ನೀರಿನ ಸಾಂದ್ರತೆ ತೋರಿಸಿ ಉಪ್ಪು ಎಷ್ಟಿದೆ ಅಂತ ಹೇಳುವ ಉಪಕರಣ ಅದು. 1.012. ಸಮುದ್ರದ ನೀರು ಸುಮಾರು 1.026 ಇರಬೇಕು, ನಾನು ಟ್ಯಾಂಕನ್ನು 1.025ರಲ್ಲಿ ಇಡುವವನು. 110 ಲೀಟರ್ ಹಳೆಯದಕ್ಕೆ 40 ಲೀಟರ್ ಇದನ್ನು ಸೇರಿಸಿದರೆ 1.0215. ಅಷ್ಟು ಉಪ್ಪು ಒಂದೇ ರಾತ್ರಿ ಇಳಿದರೆ ಮೀನು ಹೇಗೋ ತಡೆದುಕೊಳ್ಳುತ್ತದೆ, ಸಿಗಡಿಗೆ ಆಗಲ್ಲ.

ಮಾರನೇ ದಿನ ಕೇಳಿದೆ, "ಅಣ್ಣಾ, ನೀರು ಎಲ್ಲಿ ತುಂಬಿಸಿದ್ರಿ?"

"ಧಕ್ಕೆಯಲ್ಲೇ ಸಾರ್, ಬೋಟಿನ ಪಕ್ಕ. ಉಪ್ಪೇ ಇದೆ, ಬೇಕಾದ್ರೆ ನಾಲಿಗೆಗೆ ಹಾಕಿ ನೋಡಿ."

ಅವರ ತಪ್ಪು ಅಂತ ಹೇಳೋಕಾಗಲ್ಲ. ನಾಲಿಗೆಗೆ 1.012 ಕೂಡ ಉಪ್ಪೇ. ಆದರೆ ಧಕ್ಕೆ, ಅಂದರೆ ಮೀನಿನ ಬೋಟು ನಿಲ್ಲುವ ಜಾಗ, ಇರೋದು ಫಲ್ಗುಣಿ ನದಿಯ ದಡದಲ್ಲಿ. ಸ್ವಲ್ಪ ಕೆಳಗೆ ನೇತ್ರಾವತಿಯೂ ಸೇರಿ, ಎರಡೂ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ಅಲ್ಲಿಗೇ ಹೋಗುತ್ತದೆ. ಶಿರಾಡಿಯಲ್ಲಿ ಸುರಿದ ಮಳೆಯನ್ನೇ ಮಂಗಳೂರು ಸುತ್ತಿಸಿ ನನ್ನ ಮನೆಗೆ ತರಿಸಿಕೊಂಡೆ ಅಂತಾಯಿತು, ಮೇಲಿಂದ ಸ್ವಲ್ಪ ಡೀಸೆಲ್ ವಾಸನೆ. ಈ ದಾರಿ ಅವತ್ತಿಗೇ ಮುಗಿಯಿತು.

ಎರಡನೆಯದು, ನಾವೇ ಹೋಗಿ ತರೋದು. ತೋಟದ ಅಣ್ಣ ಇದರ ಕಟ್ಟಾ ಭಕ್ತರು. ಫೆಬ್ರವರಿ ಬೆಳಗಿನ ಜಾವ ಹೊರಟು, ಗುಂಡ್ಯ ದಾಟಿ, ಸುರತ್ಕಲ್ ಕಡೆ ಅಳಿವೆಯಿಂದ ದೂರದ ದಡದಲ್ಲಿ ಸೊಂಟದುದ್ದ ನೀರಿಗೆ ಇಳಿದು ತುಂಬಿಸುತ್ತಾರೆ. ಮನೆಗೆ ಬಂದು ಪಂಚೆ ಬಟ್ಟೆಯಲ್ಲಿ ಸೋಸಿ ಅದೇ ವಾರ ಬಳಸುತ್ತಾರೆ. ನಿಜ ಹೇಳಬೇಕು ಅಂದರೆ ನನ್ನ ಲೆದರ್ ಅತಿ ಚೆನ್ನಾಗಿ ಅರಳಿದ್ದು ಆ ನೀರಿನಲ್ಲೇ. ಅದರಲ್ಲಿ ಏನೋ ಜೀವ ಇದೆ, ಬಕೆಟ್ಟಿನಲ್ಲಿ ಅದು ಬರಲ್ಲ.

ಆದರೆ ಹಾಸನದಿಂದ ಹೋಗಿ ಬರೋಕೆ ಸುಮಾರು 370 ಕಿಲೋಮೀಟರ್. ನನ್ನ ಕಾರಿಗೆ ಪೆಟ್ರೋಲೇ 2,500. ಡಿಕ್ಕಿಯಲ್ಲಿ ನಾಲ್ಕು, ಹಿಂದಿನ ಸೀಟಿನಲ್ಲಿ ನಾಲ್ಕು, ಒಟ್ಟು ಎಂಟು ಕ್ಯಾನ್, 160 ಲೀಟರ್. ಲೀಟರಿಗೆ ಹದಿನೈದೂವರೆ ರೂಪಾಯಿ ಬಿತ್ತು, ತಿಂಡಿ ಊಟ ಬಿಟ್ಟು. ದೋಣಿಗಲ್ ತಿರುವಿನಲ್ಲಿ ಒಂದು ಮುಚ್ಚಳ ಸಡಿಲಾಗಿ ಡಿಕ್ಕಿ ತುಂಬ ಉಪ್ಪುನೀರಾಯಿತು. ತುಕ್ಕು ಇವತ್ತಿಗೂ ಇದೆ. ಉಳಿಸಿಟ್ಟ ಕ್ಯಾನ್ ಮೂರನೇ ವಾರಕ್ಕೆ ನಾರುತ್ತದೆ.

"ಹೇಗಿದ್ರೂ ಸಮುದ್ರಕ್ಕೆ ಹೋಗ್ತೀರಿ, ಒಂದೆರಡು ಹವಳದ ಕಲ್ಲೂ ತನ್ನಿ" ಅಂದವರೂ ಇದ್ದಾರೆ. ಅದು ಬೇಡವೇ ಬೇಡ. ಕಲ್ಲುಹವಳ, ಸಮುದ್ರ ಕುದುರೆ ಎಲ್ಲ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ನೋಡಿ ಬನ್ನಿ, ಸಾಕು.

ಈಗ ಬಕೆಟ್. 20 ಕೆಜಿ, ಕೊರಿಯರ್ ಸೇರಿ 5,400 ಕೊಟ್ಟೆ. ಲೀಟರಿಗೆ 37 ಗ್ರಾಂ ಹಿಡಿದರೆ 540 ಲೀಟರ್ ಆಗುತ್ತದೆ, ಲೀಟರಿಗೆ ಹತ್ತು ರೂಪಾಯಿ. ವರ್ಷಕ್ಕೆ ಎರಡು ಬಕೆಟ್. ಬೇಕಾದ ದಿನ, ಬೇಕಾದಷ್ಟು, ಪ್ರತಿ ಸಲ ಒಂದೇ ಅಳತೆ.

ಹೇಳುವಷ್ಟು ಸುಲಭ ಇರಲಿಲ್ಲ. ಮೊದಲ ಬಕೆಟ್ ತರಿಸಿದ್ದು ಜೂನ್ ಮೊದಲ ವಾರ, ಅದೇ ನಾನು ಮಾಡಿದ ತಪ್ಪು. ಮುಚ್ಚಳ ತೆಗೆದೆ, 740 ಗ್ರಾಂ ತೂಗಿದೆ, ಮುಚ್ಚಿದೆ. ಮುಂದಿನ ವಾರ ಇನ್ನೊಮ್ಮೆ. ನಾಲ್ಕನೇ ವಾರಕ್ಕೆ ಸೌಟು ಒಳಗೆ ಇಳಿಯಲಿಲ್ಲ. ಆಷಾಢ ಹಿಡಿಯುವ ಹೊತ್ತಿಗೆ ಬಕೆಟ್ಟಿನೊಳಗೆ ಇದ್ದದ್ದು ಒಂದೇ ಒಂದು ಬಂಡೆ. ನಮ್ಮ ಕಡೆ ಅಡುಗೆ ಉಪ್ಪೇ ಮಳೆಗಾಲದಲ್ಲಿ ಜಿನುಗುತ್ತದೆ. ಈ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಬೇರೆ ಇವೆ, ಎರಡೂ ಗಾಳಿಯಲ್ಲಿರೋ ತೇವವನ್ನು ಹುಡುಕಿಕೊಂಡು ಹೋಗಿ ಕುಡಿಯುತ್ತವೆ.

ಬಂಡೆ ಆದರೆ ಆಗಲಿ, ಒಡೆದರೆ ಆಯಿತು ಅಂದುಕೊಂಡು ಕುಟ್ಟಾಣಿ ತಂದೆ. "ಅಚ್ಚು ಬೆಲ್ಲನೂ ಇಷ್ಟು ಗಟ್ಟಿ ಇರಲ್ಲ ಕಣ್ರೀ, ಆಮೇಲೆ ಅದರಲ್ಲಿ ನಾನು ಶುಂಠಿ ಜಜ್ಜಬೇಕು" ಅಂತ ಮನೆಯವಳು ಕಿತ್ತುಕೊಂಡಳು. ಸುತ್ತಿಗೆಯಲ್ಲಿ ಒಡೆದೆ. ತೂಗಿ ನೀರಿಗೆ ಹಾಕಿದೆ. ಒಂದು ದಿನ ಪಂಪ್ ತಿರುಗಿಸಿದರೂ ನೀರು ಅಕ್ಕಿ ತೊಳೆದ ನೀರಿನ ಹಾಗೇ ಇತ್ತು. ಹೀಟರ್ ಮೇಲೆ ಬಿಳಿ ಪದರ. ತೂಕ ಅಷ್ಟೇ ಇದ್ದರೂ ಅಳತೆ 1.023, ಯಾಕಂದರೆ ನಾನು ತೂಗಿದ್ದರಲ್ಲಿ ಒಂದು ಪಾಲು ಹಾಸನದ ಮಳೆಗಾಳಿ. ಕ್ಷಾರತೆ (ನೀರಿನಲ್ಲಿರುವ ಕಾರ್ಬೊನೇಟ್ ಅಳತೆ) ಪರೀಕ್ಷೆ ಮಾಡಿದರೆ, ಅದೇ ಬಕೆಟ್ ಹೊಸದಾಗಿದ್ದಾಗ 8 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಬಂದದ್ದು ಈಗ 5.5.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಒಣಗಿದ್ದಾಗ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಅಕ್ಕಪಕ್ಕ ಸುಮ್ಮನಿರುತ್ತವೆ. ತೇವ ಸಿಕ್ಕಿದ್ದೇ ಬಕೆಟ್ಟಿನೊಳಗೇ ಕೂಡಿಕೊಂಡು ಸುಣ್ಣದ ಕಲ್ಲಾಗುತ್ತವೆ. ಅದು ಮತ್ತೆ ಕರಗಲ್ಲ. ಹವಳಕ್ಕೆ ಬೇಕಾದದ್ದು ಹೀಟರ್ ಮೇಲೆ ಕೂತಿರುತ್ತದೆ. (ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು ಅನ್ನೋದಕ್ಕೂ ಇದೇ ಕಾರಣ.) ನಾನು ಬಕೆಟ್ಟನ್ನು ಫ್ರಿಜ್ ಹಿಂದೆ ಇಟ್ಟು ನೋಡಿದೆ, ಉಪ್ಪಿನ ಡಬ್ಬಕ್ಕೆ ಹಾಕುವ ಹಾಗೆ ಅಕ್ಕಿ ಗಂಟು ಹಾಕಿ ನೋಡಿದೆ. ಹನ್ನೆರಡು ಕೆಜಿ ಕೊನೆಗೆ ಚರಂಡಿಗೆ ಹೋಯಿತು, ಅಂದರೆ 3,200 ರೂಪಾಯಿ ಮೇಲೆ.

ಪರಿಹಾರ ಸಿಕ್ಕಿದ್ದು ಕಾಫಿ ಕಣದಲ್ಲಿ. ಮುಂದಿನ ವರ್ಷ ಮೇ ತಿಂಗಳಲ್ಲಿ, ಸೌದೆ ಒಳಗೆ ಹಾಕುವ ಹೊತ್ತಿಗೇ, ಆರೂ ಜನ ಬಕೆಟ್ ತರಿಸಿ ತೋಟದ ಅಣ್ಣನ ಮನೆಯಲ್ಲಿ ಸೇರಿದೆವು. ಸಮುದ್ರದ ನೀರಿನ ಭಕ್ತರಿಗೂ ಮಳೆಗಾಲಕ್ಕೆ ಉಪ್ಪು ಬೇಕಲ್ಲ! ಬಿಸಿಲು ಸುಡುತ್ತಿತ್ತು, ಕಣ ಖಾಲಿ. ದಾರಿಯಲ್ಲಿ ಕುಲುಕಿ ಸಣ್ಣ ಪುಡಿ ತಳಕ್ಕೆ, ದಪ್ಪ ಹರಳು ಮೇಲಕ್ಕೆ ಸೇರಿರುತ್ತದೆ ಅಂತ ಮೊದಲು ಬಕೆಟ್ ಸೀಲ್ ತೆಗೆಯದೇ ಅಡ್ಡ ಮಲಗಿಸಿ ಕಣದ ಈ ತುದಿಯಿಂದ ಆ ತುದಿಗೆ ಹತ್ತು ಸಲ ಉರುಳಿಸಿದೆವು. ಮೇಷ್ಟ್ರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕಾಲಲ್ಲೇ ತಳ್ಳುತ್ತಿದ್ದರು. ನಾಯಿ ಹಿಂದೆ ಹಿಂದೆ. ಆಮೇಲೆ ಸೀಲ್ ತೆಗೆದು ತಕ್ಕಡಿಯಲ್ಲಿ 740 ಗ್ರಾಂ, 740 ಗ್ರಾಂ ತೂಗಿ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಕಾಂಡಿಮೆಂಟ್ಸ್ ಅಂಗಡಿಯಿಂದ ಕೇಳಿ ತಂದ ಸೀಲಿಂಗ್ ಮಷೀನಿನಲ್ಲಿ ಒತ್ತಿದ್ದು. ಒಂದು ಬಕೆಟ್ಟಿಗೆ 27 ಪ್ಯಾಕೆಟ್. ಒಂದು ವಾಟರ್ ಚೇಂಜ್‌ಗೆ ಒಂದು ಪ್ಯಾಕೆಟ್, ಚೇಂಜ್ ದಿನ ತೂಗೋ ಕೆಲಸವೇ ಇಲ್ಲ. ನವೆಂಬರ್‌ವರೆಗೆ ಗಂಟಾದದ್ದು ಒಂದೇ ಒಂದು, ಅದರ ಸೀಲ್ ನಾನೇ ಸರಿಯಾಗಿ ಒತ್ತಿರಲಿಲ್ಲ.

ಉಪ್ಪು ಕಲಸೋ ನೀರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಡುಗೆಮನೆ ಆರ್‌ಒ ಆಗಲ್ಲ. ರುಚಿಗೆ ಅಂತ ಸ್ವಲ್ಪ ಹಸಿ ನೀರು ಸೇರಿಸುವ ಏರ್ಪಾಡು ಅದರಲ್ಲಿರುತ್ತದೆ, ನಮ್ಮನೆಯದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 48 ತೋರಿಸಿತು, ಒಂದು ತಿಂಗಳಲ್ಲಿ ಮರಳೆಲ್ಲ ಕಂದು ಪಾಚಿ. ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಬೇರೆ ಯೂನಿಟ್ ಹಾಕಿಸಿದೆ, ಈಗ ಸೊನ್ನೆ. ಬಿಟ್ಟ ನೀರು ದಾಸವಾಳದ ಗಿಡಕ್ಕೆ. "ಮಲೆನಾಡಲ್ಲಿ ಕೂತು ಆರ್‌ಒ ಯಾಕ್ರೀ, ಸೂರಿನ ನೀರೇ ಹಿಡೀರಿ" ಅಂತ ತೋಟದ ಅಣ್ಣ ಅಂದಿದ್ದರು. ಅವರ ಮನೆ ಮಳೆನೀರಿನ ಟಿಡಿಎಸ್ 6, ನೋಡೋಕೆ ಸ್ಫಟಿಕ. ಆದರೆ ಮಳೆ ಹಿಡಿಯುವ ಮುಂಚೆ ತೋಟಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, ಅದು ಮೈಲುತುತ್ತ. ಅಂದರೆ ತಾಮ್ರ. ಸಿಗಡಿ, ಹವಳ ಎರಡಕ್ಕೂ ವಿಷ. ಗಾಳಿಗೆ ಎಷ್ಟು ಹಾರಿ ಹೆಂಚಿನ ಮೇಲೆ ಕೂತಿರುತ್ತೋ ಯಾರಿಗೆ ಗೊತ್ತು. ಪಟ್ಟಣದವರು ಬೇಕಾದರೆ ಪ್ರಯತ್ನ ಮಾಡಿ.

ಎಲ್ಲರೂ ಬಕೆಟ್ಟೇ ತಗೊಳ್ಳಿ ಅನ್ನಲ್ಲ. ತಿಂಗಳಿಗೊಮ್ಮೆ ಹೇಗಿದ್ದರೂ ಧರ್ಮಸ್ಥಳದ ಕಡೆಗೋ ಮಂಗಳೂರಿಗೋ ಹೋಗುವವರಿಗೆ, ಪಿಕಪ್ ಇರುವವರಿಗೆ, ಬೇಸಿಗೆಯ ಸಮುದ್ರದ ನೀರು ಚಿನ್ನ. ನನ್ನ ಕಷ್ಟವೇ ಬೇರೆ. ಸಮುದ್ರ ತಿಳಿಯಾಗಿರುವ ಫೆಬ್ರವರಿಯಿಂದ ಮೇವರೆಗೆ ಒಂದು ಭಾನುವಾರವೂ ನನ್ನ ಕೈಯಲ್ಲಿರಲ್ಲ, ಎಲ್ಲ ಮುಹೂರ್ತ, ಆರತಕ್ಷತೆ. ಆಷಾಢದಲ್ಲಿ ಮದುವೆ ಇಲ್ಲ, ಸ್ಟುಡಿಯೋದಲ್ಲಿ ನೊಣ ಹೊಡೀತಾ ಕೂತಿರುತ್ತೇನೆ. ಆಗ ಸಮುದ್ರದಲ್ಲಿರೋದು ಕೆಂಪು ನೀರು. ನನ್ನ ಸೀಸನ್ನೂ ಸಮುದ್ರದ ಸೀಸನ್ನೂ ಕೂಡಿ ಬರೋದೇ ಇಲ್ಲ. ಲೀಟರಿಗೆ ಹತ್ತು ರೂಪಾಯಿ ನನಗೆ ಒಗ್ಗುತ್ತದೆ, ಮೇ ತಿಂಗಳಲ್ಲಿ ಮದುವೆ ದುಡ್ಡು ಕೈಯಲ್ಲಿರುವಾಗ ಎರಡು ಬಕೆಟ್ ಒಟ್ಟಿಗೇ ತಗೊಂಡುಬಿಡುತ್ತೇನೆ.

ತೋಟದ ಅಣ್ಣ ಈ ಫೆಬ್ರವರಿಯಲ್ಲೂ ಸುರತ್ಕಲ್‌ಗೆ ಹೊರಟಾಗ ಫೋನ್ ಮಾಡಿದರು. "ಏನಪ್ಪಾ ಪ್ಯಾಕೆಟ್ ಗಿರಾಕಿ, ಸಮುದ್ರ ಬೇಡ್ವಾ?" ಹಿಂದಿನ ಸಂಜೆಯೇ ಎರಡು ಖಾಲಿ ಕ್ಯಾನ್ ತೊಳೆದು ಸಕಲೇಶಪುರದ ಬಸ್ಸಿಗೆ ಹಾಕಿದ್ದೆ. ಪೆಟ್ರೋಲ್ ಪಾಲು ಕೇಳಲಿಲ್ಲ. ಬದಲಿಗೆ ಹತ್ತು ಪ್ಯಾಕೆಟ್ ಉಪ್ಪು ಕೇಳಿದರು, ಅವರ ಪಾಲಿನದ್ದು ಜನವರಿಗೇ ಮುಗಿದಿತ್ತಂತೆ.