ಕಾರು ಬಂದ್ ಇದ್ದರೂ ಬ್ಯಾಟರಿ ಕುಡಿಯುವ ಆಂಡ್ರಾಯ್ಡ್ ಸ್ಟೀರಿಯೋ, ಹುಷಾರು!

ಹುಬ್ಬಳ್ಳಿ-ಧಾರವಾಡದಲ್ಲಿ ಕಾರಿಗೆ ಅಗ್ಗದ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಬೇಕು ಅಂತಿದ್ದವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ನಮ್ಮ ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ದಿನಾ ಚಿಗರಿ ಬಸ್ಸಿನಲ್ಲೇ ಓಡಾಟ, ಹಾಗಾಗಿ ಕಾರು ವಾರವೆಲ್ಲ ಮನೆ ಮುಂದೆ ನಿಂತಿರುತ್ತದೆ. ಇಂಥದ್ದೊಂದು ಸ್ಟೀರಿಯೋ ಹಾಕಿಸಿದ ಮೇಲೆ ಭಾನುವಾರ ಕೀ ತಿರುಗಿಸಿದರೆ ಬರೀ ಟಕ ಟಕ ಸದ್ದು, ಸೆಲ್ಫ್ ಎತ್ತುವುದೇ ಇಲ್ಲ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟರೆ ಚಾಲೂ ಆಗುತ್ತದೆ, ಮುಂದಿನ ಭಾನುವಾರ ಮತ್ತೆ ಅದೇ ಕಥೆ.

ಸ್ಟೀರಿಯೋ ಅಂಗಡಿಯವನಿಗೆ ಫೋನ್ ಮಾಡಿದರೆ "ಬ್ಯಾಟ್ರಿ ಹೋಗೇತ್ರಿ ಸರ್, ಹೊಸಾದು ಹಾಕಸ್ರಿ" ಅಂದ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿ, ಬ್ಯಾಟರಿ ಗಟ್ಟಿ ಇದೆ ಎಂದರು. ಇನ್ನೊಬ್ಬರು ತಪ್ಪನ್ನು ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಮೇಲೆ ಹಾಕಿದರು. ಇಂಜಿನ್ ಓಡುವಾಗ 14.2 ವೋಲ್ಟ್ ಬರುತ್ತಿತ್ತು, ಅಷ್ಟು ಬಂದರೆ ಡೈನಮೋಗೆ ಏನು ರೋಗ?

ಕೊನೆಗೆ ಗೋಕುಲ ರೋಡಿನ ಒಬ್ಬ ಎಲೆಕ್ಟ್ರಿಷಿಯನ್ ಸರಿಯಾಗಿ ನೋಡಿದರು. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ ಸಾಕೆಟ್‌ನಲ್ಲಿ ಸೇರಿಸಿ, ಬಾಗಿಲು ಲಾಕ್ ಮಾಡಿ ಚಹಾ ಕುಡಿಯಲು ಕರೆದುಕೊಂಡು ಹೋದರು. ಸುಮ್ನೆ ಅಲ್ಲ, ಕಾರಿನೊಳಗಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು, ಅಲ್ಲಿಯವರೆಗೆ ರೀಡಿಂಗ್ ನಂಬಬಾರದು. (ಮೀಟರ್ ಹೀಗೆ ಇದ್ದಾಗ ಮಾತ್ರ ಯಾರೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರುತ್ತದೆ.) ಬಂದು ನೋಡಿದರೆ ಬಂದ್ ಇರುವ ಕಾರು 0.42 ಆಂಪ್ ಕರೆಂಟ್ ಎಳೆಯುತ್ತಿದೆ! ಸಾಮಾನ್ಯವಾಗಿ 0.05ರ ಒಳಗೆ ಇರಬೇಕು. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದರು, ಆಡಿಯೋ ಫ್ಯೂಸ್ ಕಿತ್ತ ಕೂಡಲೇ ಅಂಕಿ 0.02ಕ್ಕೆ ಇಳಿಯಿತು.

ಸ್ಕ್ರೀನ್ ಪೂರ್ತಿ ಕತ್ತಲೆ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಈ ಸ್ಟೀರಿಯೋಗಳಿಗೆ ಎರಡು ಪ್ಲಸ್ ವೈರ್ ಇರುತ್ತವೆ. ಕೆಂಪು ವೈರಿನಲ್ಲಿ ಕೀ ಆನ್ ಮಾಡಿದರೆ ಮಾತ್ರ ಕರೆಂಟ್, ಹಳದಿಯಲ್ಲಿ ಯಾವಾಗಲೂ. ಕೀ ತೆಗೆದಾಗ ಕೆಂಪಿನಲ್ಲಿ ಸೊನ್ನೆ, ಅಂದರೆ ವೈರಿಂಗ್ ಸರಿ ಇದೆ. ಹಳದಿಯಲ್ಲಿ ಮಾತ್ರ ಕರೆಂಟ್ ಹರಿಯುತ್ತಲೇ ಇತ್ತು. ಬೇಗ ಆನ್ ಆಗಲಿ ಅಂತ ಈ ಸ್ಟೀರಿಯೋ ಪೂರ್ತಿ ಬಂದ್ ಆಗದೆ ಮಲಗುತ್ತದಂತೆ, ನಮ್ಮದು ಮಲಗುವುದೂ ಇಲ್ಲ. ಸೆಟ್ಟಿಂಗ್‌ನಲ್ಲಿ ಕೂಡಲೇ ಬಂದ್ ಆಗುವ ಹಾಗೆ ಮಾಡಿದರೂ ಅಂಕಿ ಇಳಿಯಲಿಲ್ಲ. ದಿನಕ್ಕೆ ಹತ್ತಿರ ಹತ್ತಿರ 10 ಆಂಪ್-ಅವರ್ (0.42 ಆಂಪ್ × 24 ಗಂಟೆ) ಹೋದರೆ 35 ಆಂಪ್-ಅವರ್ ಬ್ಯಾಟರಿ ಎಷ್ಟು ದಿನ ತಡೆಯುತ್ತದೆ ಹೇಳಿ. ಹೀಗೆ ಮತ್ತೆ ಮತ್ತೆ ಬರಿದಾದರೆ ಒಳ್ಳೆ ಬ್ಯಾಟರಿಯ ಆಯುಷ್ಯವೂ ಕಡಿಮೆಯಾಗುತ್ತದೆ.

ಸದ್ಯಕ್ಕೆ ಹಳದಿಯನ್ನು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಕೀ ಜೊತೆ ಬಂದ್ ಆಗುವಂತೆ ಮಾಡಿಸಿದ್ದೇನೆ. ಪ್ರತಿ ಸಲ ಆನ್ ಆಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಇರಲಿ. ರಿಲೇ ಇಲ್ಲದೆ ಹಳದಿಯನ್ನು ನೇರ ಕೆಂಪಿಗೆ ಸೇರಿಸಿದರೆ ಆ ಲೈನಿನ ಮೇಲೆ ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಗಬಹುದು.

ಹೊಸದು ಕೊಡಿ ಎಂದರೆ ಅಂಗಡಿಯವನು ವಾರಂಟಿ ಕಾರ್ಡ್ ನೋಡಿ, ಇದರಲ್ಲಿ ಸೀರಿಯಲ್ ನಂಬರೇ ಇಲ್ಲ ಅಂತ ಕೈ ಆಡಿಸಿದ. ಕಾರ್ಡ್ ತುಂಬಿ ಕೊಟ್ಟವನು ಅವನೇ! ನೀವು ಹಾಕಿಸುವುದಾದರೆ ನಂಬರ್ ಬರೆಸಿ, ಪಕ್ಕಾ ಬಿಲ್ ತಗೊಳ್ಳಿ. ಕೀ ತೆಗೆದ ಮೇಲೆ ಎಷ್ಟು ಆಂಪ್ ಎಳೆಯುತ್ತದೆ ಅಂತ ಅಲ್ಲೇ ಮೀಟರ್ ಹಚ್ಚಿ ತೋರಿಸಲು ಹೇಳಿ. ಮೀಟರ್ ಇಲ್ಲ ಅಂದರೆ ಬೇರೆ ಅಂಗಡಿ ನೋಡಿ.