ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು ಒಮ್ಮೆ ಹೋಗ್ಬಹುದು (4 ಸ್ಟಾರ್)

ಕಾಸರಗೋಡು ಟೌನಲ್ಲಿ ಮನಸ್ಸಿನ ಕಷ್ಟ ಕೇಳಿ ಕನ್ನಡದಲ್ಲೇ ಮಾತಾಡುವ ಕೌನ್ಸೆಲರ್ ಈ ಕೌನ್ಸೆಲಿಂಗ್ ಸೆಂಟರಲ್ಲಿ ಒಬ್ರು ಇದ್ದಾರೆ, ನಾನು ಹೋದದ್ದೇ ಅದಕ್ಕೆ. ಮಲಯಾಳ ನಂಗೆ ಡ್ಯೂಟಿಗೆ ಸಾಕಾಗ್ತದೆ, ಅಳ್ಲಿಕ್ಕೆ ಸಾಕಾಗುದಿಲ್ಲ ಮಾರಾಯ್ರೆ.

2020ರಲ್ಲಿ ನಮ್ಮ ಜಿಲ್ಲೆಯಲ್ಲಿ ಕೋವಿಡ್ ಕೇಸ್ ಏರಿದ್ದು, ಕರ್ನಾಟಕ ಗಡಿಯ ತಲಪಾಡಿ ಬಂದ್ ಆಗಿ ಮಂಗಳೂರಿಗೆ ಹೋಗುವ ಪೇಷಂಟುಗಳು ಗಡಿಯಲ್ಲೇ ಬಾಕಿಯಾದದ್ದು, ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನೇ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದು ಎಲ್ಲ ನಿಮಗೆ ಗೊತ್ತುಂಟು. ಮೈಪೂರ್ತಿ ಮುಚ್ಚುವ ಪಿಪಿಇ ಕಿಟ್ ಹಾಕಿ ವಾರ್ಡಿನೊಳಗೆ ಹೋದ ನರ್ಸಿನ ಕಷ್ಟವೂ ಗೊತ್ತುಂಟು, ನೀರು ಕುಡಿಯುವ ಹಾಗಿಲ್ಲ, ಬಾತ್‌ರೂಮಿಗೆ ಹೋಗುವ ಹಾಗಿಲ್ಲ. ಆದ್ರೆ ಅವಳ ಹೆಸರು ಡ್ಯೂಟಿ ಲಿಸ್ಟಲ್ಲಿ ಬರೆದದ್ದು ಯಾರು? ನಾನು. ಹಾಲು ಕುಡಿಯುವ ಮಗು ಇರುವವಳನ್ನು ಬಿಟ್ರೆ ಮದುವೆ ಆಗದವಳಿಗೆ ಎರಡು ಸಲ ಬೀಳ್ತದೆ, ಅವಳ ಅಮ್ಮನಿಗೋ ಡಯಾಲಿಸಿಸ್, ಇನ್ನೊಬ್ಬಳು ಫೋನ್ ಎತ್ತುದಿಲ್ಲ, ಮೇಲಿನವರು ಹೇಗಾದ್ರೂ ಮ್ಯಾನೇಜ್ ಮಾಡಿ ಹೇಳ್ತಾರೆ, ಸ್ಟೋರಲ್ಲಿ ಮಾಸ್ಕ್ ಎಷ್ಟುಂಟು ಅಂತ ಗೊತ್ತಿದ್ದೂ ಹುಡುಗಿಯರ ಹತ್ರ "ಎಂತ ಹೆದರ್ಬೇಡಿ, ಉಂಟು" ಹೇಳ್ಬೇಕು. ಪಾಸಿಟಿವ್ ಬಂದವಳು ಗುಣ ಆಗಿ ವಾಪಸ್ ಬಂದು ನಂಗೆ ಗುಡ್ ಮಾರ್ನಿಂಗ್ ಹೇಳಿದ್ಲು, ಅವಳ ಮುಖ ನೋಡ್ಲಿಕ್ಕೆ ನಂಗೆ ಆಗ್ಲಿಲ್ಲ. ಚಪ್ಪಾಳೆ ತಟ್ಟಿದ್ರು, ಹೂ ಹಾಕಿದ್ರು, ಸರಿ. ಇಷ್ಟು ವರ್ಷ ಆದ್ರೂ ಲಿಸ್ಟ್ ಬರೀಲಿಕ್ಕೆ ಕೂತ್ರೆ ಈಗ್ಲೂ ಎದೆ ಹೊಡ್ಕೊಳ್ತದೆ.

ಈ ಕೌನ್ಸೆಲರ್ ಮೇಡಂ ಯೋಗ ಮಾಡಿ, ಪಾಸಿಟಿವ್ ಆಗಿರಿ ಅಂತೆಲ್ಲ ಶುರು ಮಾಡ್ಲಿಲ್ಲ (ಪಾಸಿಟಿವ್ ಅಂದ್ರೇ ನಮ್ಗೆ ಹೆದರಿಕೆ). ಆ ಲಿಸ್ಟ್ ಹೇಗೆ ಮಾಡ್ತಿದ್ರಿ ಹೇಳಿ ಅಂದ್ರು, ನಾನು ಪೂರ್ತಿ ಹೇಳುವವರೆಗೆ ಮಧ್ಯೆ ಬಾಯಿ ಹಾಕ್ಲಿಲ್ಲ, ಆಮೇಲೆ ಅದನ್ನು ಹಾಕುವ ಮೊದಲು ಯಾರಿಗೆ ತೋರಿಸ್ತಿದ್ರಿ ಅಂತ ಕೇಳಿದ್ರು. ಯಾರಿಗೂ ಇಲ್ಲ! ಈಗ ಸೀನಿಯರ್ ಸ್ಟಾಫ್ ಇಬ್ಬರನ್ನು ಕೂರಿಸಿಕೊಂಡೇ ಲಿಸ್ಟ್ ಮಾಡುದು, ಬೈಗುಳವೂ ಮೂರು ಪಾಲಾಗ್ತದೆ. ನಿದ್ರೆ ಸ್ವಲ್ಪ ಪರವಾಗಿಲ್ಲ.

ಫೀಸ್ ನರ್ಸ್ ಸಂಬಳಕ್ಕೆ ಜಾಸ್ತಿಯೇ. ಆಗದವರು 14416ಕ್ಕೆ ಫೋನ್ ಮಾಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಉಂಟು, ಫ್ರೀ, ರಾತ್ರಿಯೂ ಸಿಗ್ತದೆ, ಕನ್ನಡವೂ ಉಂಟು.

ಒಂದು ಸ್ಟಾರ್ ಕಟ್ ಮಾಡಿದ್ದು ರಿಸೆಪ್ಶನಿಗೆ. ಹಾಲ್ ತುಂಬ ಜನ ಇರುವಾಗ ಆಸ್ಪತ್ರೆ ಹೆಸರು ಸೇರಿಸಿ "ಸಿಸ್ಟರೇ ಒಳಗೆ ಬನ್ನಿ" ಅಂತ ಕೂಗ್ತಾರೆ, ಅಲ್ಲಿ ಕೂತವರಲ್ಲಿ ಅರ್ಧ ಜನ ನಮ್ಮ ಪೇಷಂಟುಗಳೇ. ಒಂದು ಟೋಕನ್ ನಂಬರ್ ಕೊಡ್ಲಿಕ್ಕೆ ಎಂತ ಕಷ್ಟ?